ಚರ್ಚೆಯಲ್ಲಿ ಗೆದ್ದವರು ಯಾರು?

ರಾತ್ರಿ ಒಂಬತ್ತರ ಚರ್ಚೆ ಮುಗಿದ ಮೇಲೆ ನನಗೆ ಬರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಖಾಯಂ. 'ಸಾರ್, ಇವತ್ತು ಗೆದ್ದಿದ್ದು ಯಾರು?' ಇನ್ನೊಂದು ಪ್ರಶ್ನೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರದ್ದು. 'ಕೆಲಸದ ಇಂಟರ್‌ವ್ಯೂನಲ್ಲಿ ಗ್ರೂಪ್ ಡಿಸ್ಕಶನ್ ಇಟ್ಟಿದ್ದಾರೆ. ಹತ್ತು ಜನರ ಮಧ್ಯೆ ನಾನು ಎದ್ದು ಕಾಣಬೇಕು. ಏನು ಮಾಡಲಿ?'

ಎರಡಕ್ಕೂ ನಾನು ಕೊಡೋದು ಒಂದೇ ಉತ್ತರ. ಈ ದೇಶದಲ್ಲಿ ಒಂದು ದೊಡ್ಡ ಗ್ರೂಪ್ ಡಿಸ್ಕಶನ್ ನಡೆದಿತ್ತು. 1946ರ ಡಿಸೆಂಬರ್ 9ಕ್ಕೆ ದೆಹಲಿಯಲ್ಲಿ ಶುರುವಾಗಿ 1949ರ ನವೆಂಬರ್ 26ರ ತನಕ ಎಳೆಯಿತು. ಅದರ ಹೆಸರು ಸಂವಿಧಾನ ಸಭೆ. ಅಲ್ಲಿ ಯಾರು ಏನು ಮಾತಾಡಿದರು, ಯಾರು ಮಧ್ಯದಲ್ಲಿ ಬಾಯಿ ಹಾಕಿದರು, ಅಧ್ಯಕ್ಷರು ಯಾರನ್ನು ಕೂರಿಸಿದರು, ಎಲ್ಲ ಅಕ್ಷರಕ್ಷರ ದಾಖಲಾಗಿ ಹನ್ನೆರಡು ದಪ್ಪ ಸಂಪುಟಗಳಾಗಿವೆ. ಅದನ್ನು ಓದಿ ಅಂತೀನಿ. ಹುಡುಗರು ನಕ್ಕು ಸುಮ್ಮನಾಗ್ತಾರೆ. ಹನ್ನೆರಡು ಸಂಪುಟ ಅಂದ್ರೆ ಯಾರಿಗಾದ್ರೂ ನಗು ಬರುತ್ತೆ, ಅವರ ತಪ್ಪಲ್ಲ. ಅದಕ್ಕೇ ಇವತ್ತು ಆ ಸಂಪುಟಗಳಿಂದ ನಾಲ್ಕಾರು ದಿನಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಲೆಕ್ಕ ನೋಡಿ. 11 ಅಧಿವೇಶನ, 165 ದಿನ. ಅದರಲ್ಲಿ 114 ದಿನ ಕರಡು ಸಂವಿಧಾನದ ಮೇಲಿನ ಚರ್ಚೆಗೇ ಹೋಯಿತು. ಸದಸ್ಯರು ಕೊಟ್ಟ ತಿದ್ದುಪಡಿಗಳು 7,635. ಸಭೆಯಲ್ಲಿ ನಿಜವಾಗಿ ಮಂಡನೆಯಾಗಿ ವಿಲೇವಾರಿಯಾದದ್ದು 2,473. ಮುಕ್ಕಾಲು ಪಾಲು ಸೀಟು ಕಾಂಗ್ರೆಸ್ಸಿನದ್ದು. ಅಂದ್ರೆ ಮನಸ್ಸು ಮಾಡಿದ್ದರೆ ಒಂದು ತಿಂಗಳಲ್ಲಿ ಕೈ ಎತ್ತಿ ಪಾಸ್ ಮಾಡಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನೋದರಲ್ಲೇ ಕಥೆ ಇದೆ.

ಹಾಗಂತ ಅಲ್ಲಿದ್ದವರೆಲ್ಲ ತೂಕದ ಮನುಷ್ಯರು, ಅಳೆದು ಸುರಿದು ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಎರಡನೇ ದಿನವೇ, ಡಿಸೆಂಬರ್ 10ರಂದು, ಆರ್.ವಿ. ಧುಲೇಕರ್ ಅನ್ನೋ ಸದಸ್ಯರು ಎದ್ದು ಹಿಂದೂಸ್ತಾನಿಯಲ್ಲಿ ಮಾತಾಡೋಕೆ ಶುರು ಮಾಡಿದರು. ಹಲವರಿಗೆ ಅರ್ಥ ಆಗಲ್ಲ ಅಂತ ಅಧ್ಯಕ್ಷ ಪೀಠ ನೆನಪಿಸಿತು. ಅದಕ್ಕೆ ಧುಲೇಕರ್ ಕೊಟ್ಟ ಉತ್ತರದ ಸಾರ ಇಷ್ಟು: ಹಿಂದೂಸ್ತಾನಿ ಬಾರದವರಿಗೆ ಈ ದೇಶದಲ್ಲಿ ಇರೋ ಹಕ್ಕಿಲ್ಲ, ಈ ಸಭೆಯಲ್ಲಿ ಕೂರೋ ಯೋಗ್ಯತೆಯೂ ಇಲ್ಲ, ಎದ್ದು ಹೋಗಲಿ. ಸಭೆಯಲ್ಲಿ ಗದ್ದಲ. ಆ ಸಭೆಯಲ್ಲಿ ಕನ್ನಡಿಗರು, ತಮಿಳರು, ತೆಲುಗರು, ಬಂಗಾಳಿಗಳು ಕೂತಿದ್ದರು. ನೆಹರೂ ಮುಂದೆ ಬಂದು ಅವರನ್ನು ಸೀಟಿಗೆ ಕಳಿಸಬೇಕಾಯಿತು. ಇವತ್ತಿನ ಲೆಕ್ಕದಲ್ಲಿ ಅದು ವೈರಲ್ ಆಗೋ ಕ್ಲಿಪ್. ಆದರೆ ಅವರು ಅಂದು ಕೇಳಿದ್ದರಲ್ಲಿ ಒಂದಂಶವೂ ಸಿಗಲಿಲ್ಲ. ದಕ್ಷಿಣದವರ ಎದೆಯಲ್ಲಿ ಮೂರು ವರ್ಷ ಆರದ ಒಂದು ಅನುಮಾನ ಮಾತ್ರ ಬಿತ್ತನೆಯಾಯಿತು.

ಅದಾದ ಒಂದು ವಾರಕ್ಕೆ ನಡೆದದ್ದನ್ನು ನೋಡಿ. ನನ್ನ ಪ್ರಕಾರ ಇಡೀ ಹನ್ನೆರಡು ಸಂಪುಟಗಳಲ್ಲಿ ಅತ್ಯಂತ ಸೊಗಸಾದ ಭಾಷಣ ಅದು.

ಡಿಸೆಂಬರ್ 13ರಂದು ನೆಹರೂ ಧ್ಯೇಯೋದ್ದೇಶಗಳ ನಿರ್ಣಯ ಮಂಡಿಸಿದ್ದರು. ಭಾರತ ಸ್ವತಂತ್ರ, ಸಾರ್ವಭೌಮ ಗಣರಾಜ್ಯ ಆಗಬೇಕು ಅಂತ ಸಾರುವ ನಿರ್ಣಯ. ಸಭೆಯಲ್ಲಿ ಉತ್ಸಾಹವೋ ಉತ್ಸಾಹ. ಆದರೆ ಮುಸ್ಲಿಂ ಲೀಗ್ ಸಭೆಯನ್ನು ಬಹಿಷ್ಕರಿಸಿತ್ತು, ಅವರ ಕುರ್ಚಿಗಳು ಖಾಲಿ. ಸಂಸ್ಥಾನಗಳವರೂ ಇನ್ನೂ ಬಂದಿರಲಿಲ್ಲ. ಅವರು ಬರೋವರೆಗೆ ಈ ನಿರ್ಣಯವನ್ನು ತಡೆಹಿಡಿಯೋಣ ಅಂತ 16ರಂದು ಎಂ.ಆರ್. ಜಯಕರ್ ತಿದ್ದುಪಡಿ ತಂದರು. ಸಭೆಗೆ ಅದು ಹಿಡಿಸಲಿಲ್ಲ. ಮಾತಿಗೆ ಮಾತಿಗೆ ಅಡ್ಡಿ ಬಂತು.

ಮರುದಿನ, 17ರಂದು, ಬಾಬು ರಾಜೇಂದ್ರ ಪ್ರಸಾದ್ ಅವರು ಇದ್ದಕ್ಕಿದ್ದಂತೆ ಡಾ. ಅಂಬೇಡ್ಕರ್ ಹೆಸರು ಕರೆದರು. ಪಟ್ಟಿಯಲ್ಲಿ ಅವರಿಗಿಂತ ಮುಂದೆ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ನಾಳೆ ತಯಾರಾಗಿ ಬಂದು ಮಾತಾಡೋಣ ಅಂದುಕೊಂಡಿದ್ದೆ ಅಂತ ಅಂಬೇಡ್ಕರ್ ಅವರೇ ಹೇಳಿಕೊಂಡರು. ಯಾರ ಮುಂದೆ ನಿಂತಿದ್ದರು ಅನ್ನೋದನ್ನು ಮರೀಬೇಡಿ. ಅವರು ಆಗ ಬಂಗಾಳದಿಂದ ಗೆದ್ದು ಬಂದಿದ್ದರು, ಕಾಂಗ್ರೆಸ್ಸನ್ನೂ ಗಾಂಧೀಜಿಯನ್ನೂ ವರ್ಷಗಟ್ಟಲೆ ಟೀಕಿಸಿದವರು. ಈಗ ಜಯಕರ್ ಪರ ನಿಲ್ಲಬೇಕು. ಎದುರಿಗೆ ಸಿಟ್ಟಾಗಿರೋ ಬಹುಮತ. ನಮ್ಮ ಸ್ಟುಡಿಯೋಗೆ ಬರೋ ಯಾವ ವಕ್ತಾರರಾದರೂ ಇಂಥ ಹೊತ್ತಲ್ಲಿ ಏನು ಮಾಡ್ತಾರೆ? ಏರು ದನಿಯಲ್ಲಿ ಶುರು ಮಾಡ್ತಾರೆ.

ಅಂಬೇಡ್ಕರ್ ಏನು ಮಾಡಿದರು ಗೊತ್ತಾ? ಮೊದಲು ನಿರ್ಣಯದ ಬಗ್ಗೆ ತಮ್ಮ ಅಸಮಾಧಾನ ಮುಚ್ಚಿಡದೆ ಹೇಳಿದರು. ಆರ್ಥಿಕ ನ್ಯಾಯ ಅಂತ ಬರೆದಿದ್ದೀರಿ, ಅದು ಹೇಗೆ ಬರುತ್ತೆ ಅಂತ ಬರೆದಿಲ್ಲ ಅಂದರು. ಆಮೇಲೆ ನಾವೆಲ್ಲ ಇವತ್ತು ಪರಸ್ಪರ ಹೊಡೆದಾಡುವ ಪಾಳೆಯಗಳಾಗಿ ಒಡೆದಿದ್ದೇವೆ, ಅಂಥ ಒಂದು ಪಾಳೆಯದ ನಾಯಕ ಬಹುಶಃ ನಾನೇ ಅಂತ ಒಪ್ಪಿಕೊಂಡರು. ಆದರೂ ಕಾಲ ಮತ್ತು ಸಂದರ್ಭ ಕೂಡಿಬಂದರೆ ಈ ದೇಶ ಒಂದಾಗೋದನ್ನು ಯಾವ ಶಕ್ತಿಯೂ ತಡೆಯಲಾರದು ಅಂದರು. ಆಗ ಪ್ರಶ್ನೆಯನ್ನೇ ಬದಲಾಯಿಸಿಬಿಟ್ಟರು. ಈ ನಿರ್ಣಯ ಪಾಸ್ ಮಾಡೋ ಹಕ್ಕು ನಿಮಗಿದೆಯೋ ಇಲ್ಲವೋ ಅಂತ ನಾನು ಕೇಳುತ್ತಿಲ್ಲ. ಹಕ್ಕಿದೆ, ಸರಿ. ಇವತ್ತೇ ಪಾಸ್ ಮಾಡೋದು ವಿವೇಕವೇ, ಅಷ್ಟು ಹೇಳಿ. ಘೋಷಣೆಗಳನ್ನು ಪಕ್ಕಕ್ಕಿಡೋಣ, ಜನರನ್ನು ಹೆದರಿಸೋ ಪದಗಳನ್ನು ಬಿಡೋಣ, ಎದುರಾಳಿಯ ಪೂರ್ವಗ್ರಹಕ್ಕೂ ಒಂದಿಷ್ಟು ರಿಯಾಯಿತಿ ಕೊಡೋಣ. ಇದು ಅವರ ಮಾತಿನ ತಿರುಳು.

ನಿನ್ನೆ ಜಯಕರ್ ಅವರನ್ನು ಕೂಗಿ ಕೂರಿಸಿದ ಅದೇ ಸಭೆ ಇವತ್ತು ಕಿವಿಗೊಟ್ಟು ಕೇಳಿತು. ನಿರ್ಣಯ ಮುಂದಕ್ಕೆ ಹೋಯಿತು, ಅಂಗೀಕಾರ ಆದದ್ದು 1947ರ ಜನವರಿ 22ಕ್ಕೆ. ಲೀಗ್ ಬರಲಿಲ್ಲ ಅನ್ನಿ, ಅದು ಬೇರೆ ಕಥೆ. ಆದರೆ ದೇಶ ಒಡೆದಾಗ ಅಂಬೇಡ್ಕರ್ ಅವರ ಬಂಗಾಳದ ಸೀಟು ಹೋಯಿತಲ್ಲ, ಆಗ ರಾಜೇಂದ್ರ ಪ್ರಸಾದ್ ಅವರೇ ಬಾಂಬೆಯ ಪ್ರಧಾನಿ ಬಿ.ಜಿ. ಖೇರ್ ಅವರಿಗೆ ಪತ್ರ ಬರೆದು, ಇವರು ಸಭೆಗೆ ಬೇಕೇ ಬೇಕು, ಆರಿಸಿ ಕಳಿಸಿ ಅಂದರು. ಜಯಕರ್ ತೆರವು ಮಾಡಿದ ಸ್ಥಾನದಿಂದಲೇ ಆರಿಸಿ ಬಂದರು. 1947ರ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು, ಅಧ್ಯಕ್ಷರು ಅವರೇ. ಆ ಒಂದು ಭಾಷಣದಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳಲ್ಲ. ಎದುರು ಪಾಳೆಯದಲ್ಲಿದ್ದವನ ಜೊತೆ ಕೂತು ಕೆಲಸ ಮಾಡಬಹುದು ಅನ್ನೋ ನಂಬಿಕೆ ಹುಟ್ಟಿದ್ದರಲ್ಲಿ ಆ ದಿನದ ಪಾಲು ದೊಡ್ಡದು ಅಂತ ಮಾತ್ರ ನನ್ನ ನಂಬಿಕೆ.

ಇದು ದೊಡ್ಡವರ ದೊಡ್ಡ ಭಾಷಣ ಆಯಿತು. ಈಗ ಒಂದೇ ಒಂದು ಪದದ ಕಥೆ.

1948ರ ಡಿಸೆಂಬರ್ ಆರಂಭ. ಕರಡಿನ 13ನೇ ವಿಧಿ ಚರ್ಚೆಗೆ ಬಂತು, ಇವತ್ತಿನ 19ನೇ ವಿಧಿ. ಮಾತಾಡೋ ಹಕ್ಕು, ಸಭೆ ಸೇರೋ ಹಕ್ಕು, ಸಂಘ ಕಟ್ಟೋ ಹಕ್ಕು, ಓಡಾಡೋ ಹಕ್ಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೀರಿ ಅಂತ ಹಲವರು ಕೂಗಾಡಿದರು. ಯಾಕಂದ್ರೆ ಪ್ರತಿ ಹಕ್ಕಿನ ಕೆಳಗೂ ಸರ್ಕಾರ ಕಾನೂನು ಮಾಡಿ ನಿರ್ಬಂಧ ಹಾಕಬಹುದು ಅಂತ ಇತ್ತು. ಪಂಜಾಬಿನ ವಕೀಲ ಪಂಡಿತ್ ಠಾಕೂರ್ ದಾಸ್ ಭಾರ್ಗವ ಅವರಿಗೂ ಅದೇ ಸಿಟ್ಟು. ಆದರೆ ಅವರು ಸಿಟ್ಟನ್ನು ಒಂದು ತಿದ್ದುಪಡಿ ಮಾಡಿಕೊಂಡು ಬಂದಿದ್ದರು. 'ನಿರ್ಬಂಧ' ಅನ್ನೋ ಪದದ ಹಿಂದೆ 'ರೀಸನಬಲ್' ಅಂತ ಸೇರಿಸಿ, ಅಂದ್ರೆ 'ಯುಕ್ತವಾದ ನಿರ್ಬಂಧ'. ಇಷ್ಟೇ. ಈ ಪದ ಇಲ್ಲದಿದ್ದರೆ ಸರ್ಕಾರ ಹಾಕಿದ ನಿರ್ಬಂಧ ಸರಿಯೋ ತಪ್ಪೋ ಅಂತ ಕೋರ್ಟು ತೂಗೋಕೆ ಆಗಲ್ಲ, ಈ ಪದ ಇದ್ದರೆ ತಕ್ಕಡಿ ಕೋರ್ಟಿನ ಕೈಗೆ ಬರುತ್ತೆ ಅಂತ ಬಿಡಿಸಿ ಹೇಳಿದರು. ಅಂಬೇಡ್ಕರ್ ಒಪ್ಪಿದರು. ಪದ ಸೇರಿತು.

1952ರಲ್ಲಿ ವಿ.ಜಿ. ರೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು ಹಿಡಿದುಕೊಂಡೇ ಒಂದು ಅಳತೆಗೋಲು ಮಾಡಿತು. ಇವತ್ತಿಗೂ ಒಂದು ಸಭೆಗೆ ಅನುಮತಿ ನಿರಾಕರಣೆಯಾದರೆ, ಒಂದು ವ್ಯಾಪಾರಕ್ಕೆ ನಿಷೇಧ ಬಿದ್ದರೆ, ವಕೀಲರು ಮೊದಲು ಕೇಳೋದು 'ಈ ನಿರ್ಬಂಧ ಯುಕ್ತವೇ?' ಅಂತ. ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಕ್ಕೆ ಆಗ ಆ ಪದ ಬಿದ್ದಿರಲಿಲ್ಲ. 1951ರ ಮೊದಲನೇ ತಿದ್ದುಪಡಿಯಲ್ಲಿ ಅಲ್ಲಿಗೂ ಬಂತು. ಕೂಗಾಡಿದವರ ಹೆಸರು ಯಾರಿಗೆ ನೆನಪಿದೆ? ಭಾರ್ಗವರ ಹೆಸರೂ ನಿಮಗೆ ಗೊತ್ತಿರಲಿಕ್ಕಿಲ್ಲ ಬಿಡಿ. ಪದ ಮಾತ್ರ ದಿನಾ ಕೋರ್ಟಿನಲ್ಲಿ ಕೆಲಸ ಮಾಡುತ್ತಿದೆ.

ಮಾತಾಡೋದರಷ್ಟೇ ಒಪ್ಪಿಕೊಳ್ಳೋದೂ ಚರ್ಚೆಯಲ್ಲಿ ಪಾಲುಗೊಳ್ಳೋದೇ. ನಮ್ಮ ಟೀವಿಯಲ್ಲಿ ಅದನ್ನು ನೀವು ನೋಡಿರೋದು ಅಪರೂಪ. 1948ರ ನವೆಂಬರ್ 4ರಂದು ಕರಡು ಮಂಡಿಸುವಾಗ ಅಂಬೇಡ್ಕರ್ ಹಳ್ಳಿಗಳ ಬಗ್ಗೆ ಕಟುವಾಗಿ ಮಾತಾಡಿದ್ದರು. ಹಳ್ಳಿ ಅಂದ್ರೆ ಸಂಕುಚಿತ ಬುದ್ಧಿ, ಅಜ್ಞಾನ, ಕೋಮುಭಾವನೆಯ ಗೂಡು ಅನ್ನೋ ಅರ್ಥದ ಮಾತು. ಹುಟ್ಟಿನಿಂದ ಹಳ್ಳಿಯ ಹೊರಗೆ ನಿಲ್ಲಿಸಲ್ಪಟ್ಟ ಸಮುದಾಯದಿಂದ ಬಂದವರು ಅವರು, ಆ ಮಾತಿಗೆ ಕಾರಣ ಇತ್ತು. ಗಾಂಧಿವಾದಿಗಳಿಗೆ ಬೆಂಕಿ ಬಿದ್ದಂತಾಯಿತು. ದಿನಗಟ್ಟಲೆ ಒಬ್ಬರಾದ ಮೇಲೆ ಒಬ್ಬರು ಹಳ್ಳಿಯ ಪರ ಮಾತಾಡಿದರು. ನವೆಂಬರ್ 22ರಂದು ಮದ್ರಾಸಿನ ಕೆ. ಸಂತಾನಂ ಒಂದು ಸಣ್ಣ ತಿದ್ದುಪಡಿ ತಂದರು: ಗ್ರಾಮ ಪಂಚಾಯಿತಿಗಳನ್ನು ಕಟ್ಟಿ ಅವಕ್ಕೆ ಅಧಿಕಾರ ಕೊಡಲು ರಾಜ್ಯ ಕ್ರಮ ಕೈಗೊಳ್ಳಬೇಕು. ಎಲ್ಲರೂ ಅಂಬೇಡ್ಕರ್ ಕಡೆ ನೋಡಿದರು. ಅವರು ಎದ್ದು ತಿದ್ದುಪಡಿಯನ್ನು ಒಪ್ಪಿದ್ದೇನೆ ಅಂದರು. ಸಮರ್ಥನೆ ಇಲ್ಲ, ನಾನು ಅಂದು ಹಾಗೆ ಹೇಳಿದ್ದರ ಅರ್ಥ ಹೀಗಿತ್ತು ಅನ್ನೋ ಎಳೆದಾಟ ಇಲ್ಲ. ಅದು ಇವತ್ತಿನ 40ನೇ ವಿಧಿ. ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ತಂದರಲ್ಲ, ಆ ಮರದ ಬೇರು ಹುಡುಕಿಕೊಂಡು ಹೋದರೆ ಸಿಗೋದು ಆ ಮಧ್ಯಾಹ್ನದ ಈ ಒಂದು ಸಾಲು.

ಮಧ್ಯೆ ಒಂದು ಹಾಸ್ಯ. ನಜೀರುದ್ದೀನ್ ಅಹ್ಮದ್ ಅಂತ ಪಶ್ಚಿಮ ಬಂಗಾಳದ ಸದಸ್ಯರು. ಅಲ್ಪವಿರಾಮ, ಅರ್ಧವಿರಾಮದ ಮೇಲೂ ತಿದ್ದುಪಡಿ ಕೊಡುತ್ತಿದ್ದರು. ಸಭೆಗೆ ತಲೆನೋವು. ಕರಡು ಸಮಿತಿ ಮತ್ತೆ ಮತ್ತೆ ಮನಸ್ಸು ಬದಲಿಸುತ್ತಿದೆ ಅಂತ ಸಿಟ್ಟಾಗಿ 'ಡ್ರಾಫ್ಟಿಂಗ್ ಕಮಿಟಿ' ಅಲ್ಲ, ಇದು 'ಡ್ರಿಫ್ಟಿಂಗ್ ಕಮಿಟಿ' ಅಂದರು. ಡ್ರಿಫ್ಟಿಂಗ್ ಅಂದ್ರೆ ಗೊತ್ತುಗುರಿ ಇಲ್ಲದೆ ತೇಲಿಹೋಗೋದು. ಅಂಬೇಡ್ಕರ್ ಈ ಕುಟುಕನ್ನು ಮರೆಯಲಿಲ್ಲ. ಕೊನೆಯ ಭಾಷಣದಲ್ಲಿ ಉತ್ತರ ಕೊಟ್ಟರು: ಗೊತ್ತಿದ್ದ ನೀರಲ್ಲೇ ಮೀನು ಹುಡುಕುತ್ತಿದ್ದೆವು, ಇನ್ನೂ ಒಳ್ಳೆಯದಕ್ಕೆ ಹುಡುಕೋದು ತೇಲಿಹೋಗೋದಲ್ಲ. ಮನಸ್ಸಲ್ಲಿ ಇಟ್ಟುಕೊಂಡು ಕೊಟ್ಟ ಉತ್ತರ, ಅದರಲ್ಲೂ ವಿಷ ಇಲ್ಲ.

ಈಗ ಒಂದು ಗಂಭೀರ ವಿಷಯ. ಕ್ರೈಂ ಸುದ್ದಿ ನೋಡೋ ಎಲ್ಲರಿಗೂ ಗೊತ್ತಿರೋ ಒಂದು ಸಾಲಿದೆ. 'ಬಂಧಿಸಿದ 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.' ನಾವು ಆ್ಯಂಕರುಗಳು ವಾರಕ್ಕೆ ಹತ್ತು ಸಲ ಓದುತ್ತೇವೆ. ಇದು ಸಂವಿಧಾನದೊಳಗೆ ಬಂದದ್ದು ಸೋತ ಒಂದು ಚರ್ಚೆಯಿಂದ.

ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕರಡಿನಲ್ಲಿ 15ನೇ ವಿಧಿ, ಈಗಿನ 21. 'ಕಾನೂನು ಹೇಳಿದ ಪ್ರಕ್ರಿಯೆ' ಪ್ರಕಾರ ಯಾರ ಸ್ವಾತಂತ್ರ್ಯವನ್ನಾದರೂ ಕಸಿಯಬಹುದು ಅಂತ ಬರೆದಿದ್ದರು. ಆ ಕಾನೂನೇ ಅನ್ಯಾಯದ್ದಾಗಿದ್ದರೆ? 1948ರ ಡಿಸೆಂಬರ್ 6ರಂದು ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದರು. ಅಮೆರಿಕದಲ್ಲಿರುವಂತೆ 'ಡ್ಯೂ ಪ್ರೋಸೆಸ್' ಅಂತ ಹಾಕಿ, ಕಾನೂನು ನ್ಯಾಯವಾಗಿದೆಯೇ ಅಂತಲೂ ಕೋರ್ಟು ನೋಡಲಿ. ಕರಡು ಸಮಿತಿಯ ಕೆ.ಎಂ. ಮುನ್ಶಿಯವರೇ ಆ ಪರ ಮಾತಾಡಿದರು. ಅದೇ ಸಮಿತಿಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರೋಧ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್, ನಮ್ಮ ಮಂಗಳೂರಿನವರು, ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದಿದ್ದರು. ಬೇಡ ಅನ್ನೋ ಸಲಹೆ ಅಲ್ಲಿಂದಲೂ ಬಂದಿತ್ತು. ಡಿಸೆಂಬರ್ 13ರಂದು ಅಂಬೇಡ್ಕರ್ ಎರಡೂ ಕಡೆಯ ವಾದವನ್ನು ತೂಗಿ, ನನಗೇ ತೀರ್ಮಾನಕ್ಕೆ ಬರೋದು ಕಷ್ಟ ಆಗಿದೆ, ಸಭೆಗೇ ಬಿಡ್ತೀನಿ ಅಂದರು. ತಿದ್ದುಪಡಿ ಬಿದ್ದುಹೋಯಿತು.

ಮುಗಿಯಿತಾ? ಇಲ್ಲ. ಒಂಬತ್ತು ತಿಂಗಳಾದ ಮೇಲೆ, 1949ರ ಸೆಪ್ಟೆಂಬರ್ 15ರಂದು, ಅಂಬೇಡ್ಕರ್ ತಾವೇ ಒಂದು ಹೊಸ ವಿಧಿ ಹಿಡಿದು ಬಂದರು. ಅಂದು ಪಾಸಾದ 15ನೇ ವಿಧಿಯ ಬಗ್ಗೆ ಹೊರಗೆ ಬಹಳ ಜನರಿಗೆ ಅಸಮಾಧಾನ ಇದೆ, ಅವರಲ್ಲಿ ನಾನೂ ಒಬ್ಬ, ಅದಕ್ಕೆ ಪರಿಹಾರವಾಗಿ ಇದನ್ನು ತಂದಿದ್ದೇನೆ ಅಂದರು. ಬಂಧನಕ್ಕೆ ಕಾರಣ ಹೇಳಬೇಕು, ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇವು ಕ್ರಿಮಿನಲ್ ಕಾನೂನಿನಲ್ಲಿ ಮೊದಲೇ ಇದ್ದವು, ಆದರೆ ಈಗ ಯಾವ ಶಾಸನಸಭೆಯೂ ಸುಲಭವಾಗಿ ಅಳಿಸಲಾಗದ ಜಾಗಕ್ಕೆ ಬಂದವು. ಅದು ಈಗಿನ 22ನೇ ವಿಧಿ. ಅದೇ ವಿಧಿಯಲ್ಲಿ ವಿಚಾರಣೆ ಇಲ್ಲದೆ ಮುನ್ನೆಚ್ಚರಿಕೆ ಬಂಧನಕ್ಕೂ ಜಾಗ ಬಿಟ್ಟಿದ್ದರು, ಭಾರ್ಗವರಂಥವರು ಮತ್ತೆ ಸಿಟ್ಟಾದರು, ಅದೂ ನಿಜ. ಆದರೆ ನೋಡಿ, ಡಿಸೆಂಬರ್‌ನಲ್ಲಿ ಸೋತವರ ಮಾತು ಒಂಬತ್ತು ತಿಂಗಳು ಗೆದ್ದವರ ತಲೆಯಲ್ಲಿ ಕೊರೆಯುತ್ತಾ ಇತ್ತು.

ಭಾಷೆಯ ಚರ್ಚೆಯನ್ನು ನಾನು ಬಿಡುವಂತಿಲ್ಲ. ಅಲ್ಲಿ ನನ್ನ ಕೆಲಸಕ್ಕೆ, ಅಂದ್ರೆ ಚರ್ಚೆ ನಡೆಸೋ ಕೆಲಸಕ್ಕೆ, ದೊಡ್ಡ ಪಾಠ ಇದೆ. 1949ರ ಸೆಪ್ಟೆಂಬರ್ 12. ರಾಷ್ಟ್ರ ಮಟ್ಟದಲ್ಲಿ ಯಾವ ಭಾಷೆ, ಯಾವ ಅಂಕಿ ಅಂತ ತೀರ್ಮಾನ ಆಗಬೇಕು. ನೂರಾರು ತಿದ್ದುಪಡಿಗಳು ಕೂತಿವೆ. ಹಿಂದಿಯವರೂ ಕುದಿಯುತ್ತಿದ್ದಾರೆ, ದಕ್ಷಿಣದವರೂ ಕುದಿಯುತ್ತಿದ್ದಾರೆ. ಕನ್ನಡಿಗರ ಪರಿಸ್ಥಿತಿ ಇನ್ನೂ ವಿಚಿತ್ರ. ಕೆ.ಸಿ. ರೆಡ್ಡಿ, ಹನುಮಂತಯ್ಯ ಮೈಸೂರಿನ ಹೆಸರಲ್ಲಿ, ನಿಜಲಿಂಗಪ್ಪ, ದಿವಾಕರ್ ಬಾಂಬೆಯ ಹೆಸರಲ್ಲಿ, ಪೂಣಚ್ಚ ಕೊಡಗಿನ ಹೆಸರಲ್ಲಿ ಕೂತಿದ್ದರು. ಕನ್ನಡ ನಾಡು ಅಂತ ಒಂದು ಬೋರ್ಡೇ ಆಗ ಇರಲಿಲ್ಲ.

ಚರ್ಚೆ ಶುರು ಮಾಡೋ ಮುಂಚೆ ರಾಜೇಂದ್ರ ಪ್ರಸಾದ್ ಒಂದು ಮಾತು ಹೇಳಿದರು. ಸ್ವತಃ ಹಿಂದಿಯ ಅಭಿಮಾನಿ ಅವರು. ಆದರೆ ಪೀಠದಲ್ಲಿ ಕೂತು ಹೇಳಿದ್ದು: ಇದು ಸಭೆಯಲ್ಲಿ ವಾದ ಮಾಡಿ ಗೆಲ್ಲೋ ವಿಷಯ ಅಲ್ಲ. ಇಲ್ಲಿ ಬಹುಮತದಿಂದ ಪಾಸ್ ಮಾಡಿಕೊಂಡರೂ, ಉತ್ತರದಲ್ಲಾಗಲಿ ದಕ್ಷಿಣದಲ್ಲಾಗಲಿ ಜನರ ದೊಡ್ಡ ಭಾಗಕ್ಕೆ ಒಪ್ಪಿಗೆ ಆಗದಿದ್ದರೆ ಜಾರಿ ಮಾಡೋಕಾಗಲ್ಲ. ಯಾರ ಮನಸ್ಸಿಗೂ ನೋವಾಗುವ ಪದ ಬಳಸಬೇಡಿ. ಪೀಠದಲ್ಲಿ ಕೂತವನು ಬೆಂಕಿಗೆ ತುಪ್ಪ ಹಾಕಬಹುದು, ನೀರೂ ಹಾಕಬಹುದು. ತುಪ್ಪ ಹಾಕಿದರೆ ಟಿಆರ್‌ಪಿ ಬರುತ್ತೆ, ಅದು ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಮೂರು ದಿನ ಬಿಸಿ ಬಿಸಿ ಮಾತು ನಡೆದು, ಸೆಪ್ಟೆಂಬರ್ 14ರ ಸಂಜೆ ಒಂದು ರಾಜಿ ಸೂತ್ರ ಪಾಸಾಯಿತು. ದೇವನಾಗರಿಯಲ್ಲಿ ಬರೆದ ಹಿಂದಿ ಅಧಿಕೃತ ಭಾಷೆ, ಹದಿನೈದು ವರ್ಷ ಇಂಗ್ಲಿಷ್ ಮುಂದುವರಿಕೆ, ಅಂಕಿಗಳು ಅಂತರರಾಷ್ಟ್ರೀಯ ರೂಪದವು. 'ರಾಷ್ಟ್ರಭಾಷೆ' ಅನ್ನೋ ಪದ ಸಂವಿಧಾನದೊಳಗೆ ಬರಲೇ ಇಲ್ಲ. ಹಿಂದಿ ರಾಷ್ಟ್ರಭಾಷೆ ಅಂತ ಯಾರಾದ್ರೂ ವಾದ ಮಾಡಿದಾಗ ನೀವು ಕೊಡೋ ಉತ್ತರ ಇದೆಯಲ್ಲ, ಅದನ್ನು ನಿಮ್ಮ ಕೈಗೆ ಕೊಟ್ಟವರು ಆ ಮೂರು ದಿನ ಅಲ್ಲಿ ತಾಳ್ಮೆಯಿಂದ ಕೂತವರು.

ನಮ್ಮ ಹನುಮಂತಯ್ಯನವರ ಮಾತೂ ಬಹಳ ಪ್ರಸಿದ್ಧ. ವೀಣೆಯೋ ಸಿತಾರೋ ಕೇಳೋಣ ಅಂತ ಬಂದರೆ ಇಂಗ್ಲಿಷ್ ಬ್ಯಾಂಡು ಕೇಳಿಸುತ್ತಿದೆ ಅನ್ನೋ ಅರ್ಥದಲ್ಲಿ ಈ ಸಂವಿಧಾನವನ್ನು ಟೀಕಿಸಿದರು. ಇವತ್ತಿಗೂ ಪುಸ್ತಕಗಳಲ್ಲಿ ಆ ಮಾತು ಬರುತ್ತೆ. ಸೊಗಸಾದ ಮಾತೇ. ಆದರೆ ಅದು ಬಂದದ್ದು 1949ರ ನವೆಂಬರ್‌ನ ಮೂರನೇ ವಾಚನದಲ್ಲಿ, ಬ್ಯಾಂಡು ಬಾರಿಸಿ ಮುಗಿದು ವಾದ್ಯ ಕಟ್ಟಿಡುವ ಹೊತ್ತಿಗೆ. ಕೇಳಿದವರು ನಕ್ಕಿರಬಹುದು, ಆಗ ಬದಲಾಗೋಕೆ ಏನೂ ಉಳಿದಿರಲಿಲ್ಲ. ಹನುಮಂತಯ್ಯನವರು ತಮ್ಮ ವೀಣೆಯನ್ನು ಆಮೇಲೆ ಕಲ್ಲಲ್ಲಿ ಕಟ್ಟಿಸಿದರು, ವಿಧಾನಸೌಧ ಅಂತ. ಅದು ಬೇರೆ ಮಾತು.

ಕೊನೆಗೆ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಹರಿ ವಿಷ್ಣು ಕಾಮತ್. ಇವರೂ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಪಾಸ್ ಮಾಡಿ ಅಧಿಕಾರಿಯಾಗಿದ್ದವರು ಆ ಕೆಲಸ ಬಿಟ್ಟು ಸುಭಾಷ್ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದರು. ಸಂವಿಧಾನ ಸಭೆಗೆ ಬಂದದ್ದು ಮಧ್ಯಪ್ರಾಂತ್ಯದ ಕಡೆಯಿಂದ. ಅವರಷ್ಟು ಸಲ ಎದ್ದವರು, ಅವರಷ್ಟು ಸಲ ಸೋತವರು ಕಡಿಮೆ. ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಶುರು ಮಾಡಬೇಕು ಅಂತ 1949ರ ಅಕ್ಟೋಬರ್ 17ರಂದು ಹಟ ಹಿಡಿದರು. ದೇವರನ್ನು ಮತಕ್ಕೆ ಹಾಕಬೇಡಿ ಅಂತ ಅಧ್ಯಕ್ಷರು ಬೇಡಿಕೊಂಡರೂ ಬಿಡಲಿಲ್ಲ. ಪರ 41, ವಿರೋಧ 68. ದೇವರು ಸೋತರು. ನನಗೆ ಕೇಳಿದರೆ ಅಲ್ಲಿ ಅಧ್ಯಕ್ಷರ ಮಾತು ಕೇಳಬೇಕಿತ್ತು.

ಆದರೆ ತುರ್ತು ಪರಿಸ್ಥಿತಿಯ ವಿಧಿಗಳು ಬಂದಾಗ ಅದೇ ಹಟ ಬೇರೆಯೇ ಬೆಲೆ ಪಡೆಯಿತು. 1949ರ ಆಗಸ್ಟ್. ಜರ್ಮನಿಯ ವೈಮಾರ್ ಸಂವಿಧಾನದಲ್ಲೂ ಇಂಥದ್ದೇ ಅಧಿಕಾರ ಇತ್ತು, ಅದನ್ನೇ ಮೆಟ್ಟಿಲು ಮಾಡಿಕೊಂಡು ಹಿಟ್ಲರ್ ಹತ್ತಿದ ಅಂತ ಎಚ್ಚರಿಸಿದರು. ಈಗಿನ 356ನೇ ವಿಧಿಯ ಚರ್ಚೆಯಲ್ಲಿ ಒಂದೇ ಪದದ ಮೇಲೆ ಬೆರಳಿಟ್ಟರು. ರಾಜ್ಯಪಾಲರ ವರದಿ ಬಂದಾಗ 'ಅಥವಾ ಅನ್ಯಥಾ' ರಾಷ್ಟ್ರಪತಿ ಆಳ್ವಿಕೆ ಹೇರಬಹುದು ಅಂತ ಬರೆದಿದ್ದೀರಿ, ಆ 'ಅನ್ಯಥಾ' ಅನ್ನೋದು ಪೈಶಾಚಿಕ ಪದ, ತೆಗೀರಿ ಅಂದರು. ತೆಗೆಯಲಿಲ್ಲ. ಆದರೆ ಈ ಟೀಕೆಗಳಿಗೆ ಉತ್ತರ ಕೊಡಲೇಬೇಕಾಯಿತು. ಆಗಸ್ಟ್ 4ರಂದು ಅಂಬೇಡ್ಕರ್, ಈ ವಿಧಿ ದುರ್ಬಳಕೆ ಆಗಲ್ಲ ಅಂತ ನಾನು ಹೇಳಲಾರೆ, ಇದು ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಅನ್ನೋದು ನನ್ನ ಆಸೆ ಅಂದರು.

ಅಲ್ಲಿಂದ ನಲವತ್ತು ವರ್ಷ ಮುಂದೆ ಬನ್ನಿ. 1989ರ ಏಪ್ರಿಲ್, ಬೆಂಗಳೂರು. ಹತ್ತೊಂಬತ್ತು ಶಾಸಕರ ಸಹಿಯ ಪತ್ರಗಳು ರಾಜಭವನಕ್ಕೆ ಹೋದವು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಒಂದು ಅವಕಾಶ ಕೊಡಿ ಅಂತ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿದರು. ಕೊಡಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಆ ತೀರ್ಪು ಬರೆಯುವಾಗ ನ್ಯಾಯಮೂರ್ತಿಗಳು ತೆರೆದದ್ದು ಆ 1949ರ ಆಗಸ್ಟ್‌ನ ಪುಟಗಳನ್ನೇ, ಎತ್ತಿ ಹಿಡಿದದ್ದು ಅಂಬೇಡ್ಕರ್ ಅವರ ಆ 'ಸತ್ತ ಅಕ್ಷರ'ದ ಆಸೆಯನ್ನೇ. ಕಾಮತ್ ಅಂಥವರು ಕೆಣಕದಿದ್ದರೆ ಅಂಬೇಡ್ಕರ್ ಆ ಮಾತು ಹೇಳುವ ಸಂದರ್ಭ ಬರುತ್ತಿತ್ತಾ?

ಇನ್ನೊಂದು ಸೋಲು. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕಿಗಾಗಿ ಕೋರ್ಟಿಗೆ ಹೋಗೋದನ್ನೇ ತಡೆಹಿಡಿಯಬಹುದು ಅನ್ನೋ ವಿಧಿ, ಈಗಿನ 359. ಅದು ಪಾಸಾದ ದಿನ, ಆಗಸ್ಟ್ 20ರಂದು, ಇದು ನಾಚಿಕೆಯ, ದುಃಖದ ದಿನ ಅಂತ ಹೇಳಿ ಕಾಮತ್ ಕೂತರು. 1975ರಲ್ಲಿ ಆ ದಿನ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವಂತಿಲ್ಲ ಅಂತ ನಾಲ್ಕು ಒಂದರ ಬಹುಮತದಲ್ಲಿ ಹೇಳಿತು. ಆ ಒಂದು ಎಚ್.ಆರ್. ಖನ್ನಾ.

1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅಂಬೇಡ್ಕರ್ ತಮ್ಮನ್ನು ಕಾಡಿದವರ ಹೆಸರನ್ನು ಒಂದೊಂದಾಗಿ ಹೇಳಿ ಕೃತಜ್ಞತೆ ಸಲ್ಲಿಸಿದ್ದರು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆ ಬಾಗಿಸಿದ್ದರೆ ಈ ಸಭೆ ಹೌದಪ್ಪಗಳ ಕೂಟ ಆಗುತ್ತಿತ್ತು, ಪುಣ್ಯಕ್ಕೆ ಕೆಲವರು ಬಂಡಾಯಗಾರರಿದ್ದರು ಅಂದರು. ದೇಶಮುಖ್, ಸಿಧ್ವಾ, ಸಕ್ಸೇನಾ, ಭಾರ್ಗವ, ಕೆ.ಟಿ. ಷಾ, ಕುಂಜ್ರೂ. ಪಟ್ಟಿಯಲ್ಲಿ ಮೊದಲ ಹೆಸರು ಕಾಮತ್ ಅವರದ್ದು.

1977ರ ಚುನಾವಣೆಯಲ್ಲಿ ಹೋಶಂಗಾಬಾದ್‌ನಿಂದ ಜನತಾ ಪಕ್ಷದ ಟಿಕೆಟ್ ಮೇಲೆ ಗೆದ್ದು ಕಾಮತ್ ಮತ್ತೆ ಲೋಕಸಭೆಗೆ ಬಂದರು. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮರುವರ್ಷ, 1978ರಲ್ಲಿ, ಆ ಲೋಕಸಭೆ ಸಂವಿಧಾನದ 44ನೇ ತಿದ್ದುಪಡಿಗೆ ಮತ ಹಾಕಿತು. ಎಂಥ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗೋದನ್ನು ತಡೆಯುವಂತಿಲ್ಲ ಅಂತ 359ನೇ ವಿಧಿಗೆ ಸೇರಿಸಿದ್ದು ಆಗಲೇ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ವಿಧಿ ಪಾಸಾದಾಗ ಸೋತು ಕೂತಿದ್ದ ಮಂಗಳೂರಿನ ಆ ಮನುಷ್ಯ, ಈ ಸಲ ಆ ಸದನದ ಸದಸ್ಯರಾಗಿದ್ದರು.